ಅಲುಗದೆ ಕೂರುವ ಪಾಠ

ಗೌತಮಿ ಮಿಸ್ ಕೈಯಲ್ಲಿ ಆರು ತಿಂಗಳು ಬಿಟ್ಟರೆ ಎಂಥ ಮಗುವೂ ದಾರಿಗೆ ಬರುತ್ತದೆ ಅನ್ನುವುದು ನಂಜನಗೂಡಿನಿಂದ ಟಿ. ನರಸೀಪುರದ ತನಕ ತಾಯಂದಿರ ಬಾಯಲ್ಲಿ ಓಡಾಡುತ್ತಿದ್ದ ಮಾತು. ದಾರಿ ಅಂದರೆ ಯಾವ ದಾರಿ, ಯಾರ ದಾರಿ ಎಂದು ಒಬ್ಬರೂ ಕೇಳಿದ್ದಿಲ್ಲ, ಬಿಡಿ. ಬಸ್ಸಿನಲ್ಲಿ ಕಿರುಚುವ, ಮದುವೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಓಡುವ, ಕೂಗಿದರೆ ತಿರುಗಿಯೂ ನೋಡದ ಮಗುವನ್ನು ಕಟ್ಟಿಕೊಂಡು ಊರವರ ಬಾಯಿಗೆ ಬಿದ್ದ ತಾಯಿಗೆ ಅದನ್ನೆಲ್ಲ ಯೋಚಿಸುವಷ್ಟು ಪುರಸೊತ್ತಾದರೂ ಎಲ್ಲಿರುತ್ತದೆ?

ಗೌತಮಿಯದು ಒಂದು ಸಣ್ಣ ಟ್ರಸ್ಟಿನವರು ನಡೆಸುವ ಥೆರಪಿ ಸೆಂಟರಿನಲ್ಲಿ ಕೆಲಸ. ಆಟಿಸಂ ಇರುವ ಮಕ್ಕಳಿಗೆ ಮಾತು, ನಡವಳಿಕೆ ಕಲಿಸುವುದು. ವಾರದಲ್ಲಿ ನಾಲ್ಕು ದಿನ ನಂಜನಗೂಡು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡು, ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ನರಸೀಪುರ. ಅಲ್ಲಿ ಗೊಬ್ಬರದಂಗಡಿಯ ಮೇಲೆ ಸೆಂಟರಿನವರದೇ ಒಂದು ಬಾಡಿಗೆ ಕೋಣೆ. ಕೆಳಗಡೆಯಿಂದ ಬೆಳೆಗೆ ಹೊಡೆಯುವ ಔಷಧಿಯ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. ಬೇರೆಯವರಿಗೆ ಹತ್ತು ನಿಮಿಷದಲ್ಲಿ ಮರೆತುಹೋಗುವ ವಾಸನೆ ಅವಳ ತಲೆಯೊಳಗೆ ಸಂಜೆಯವರೆಗೂ ಕೂತಿರುತ್ತಿತ್ತು.

ಯಾಕೆಂದರೆ ಗೌತಮಿಗೂ ಆಟಿಸಂ ಇತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಡಿಪ್ಲೊಮಾ ಓದುವಾಗ ಒಂದು ಪ್ರಶ್ನಾವಳಿ ಕೊಟ್ಟು, ಅಭ್ಯಾಸಕ್ಕೆ ಯಾವುದಾದರೂ ಮಗುವಿನ ಬಗ್ಗೆ ತುಂಬಿಸಿಕೊಂಡು ಬನ್ನಿ ಎಂದಿದ್ದರು. ಮಗು ಸಿಗಲಿಲ್ಲ. ನನ್ನ ಬಾಲ್ಯವನ್ನೇ ತುಂಬಿದರಾಯಿತು ಎಂದು ಪೆನ್ನು ಹಿಡಿದು ಕೂತವಳು ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಬೆವತುಹೋದಳು. ಆಮೇಲೆ ಡಾಕ್ಟರೂ ಹೌದೆಂದರು. ಅವರು ಕೊಟ್ಟ ಕಾಗದ ಬೀರುವಿನಲ್ಲಿ, ಹಳೆಯ ಚೂಡಿದಾರುಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮೂರು ವರ್ಷದಿಂದ ಬಿದ್ದಿತ್ತು.

ಅದು ಹೊರಗೆ ಕಾಣದ ಹಾಗೆ ಮಾಡಿದವರು ಅವಳ ಅಪ್ಪ ಸಣ್ಣಯ್ಯ. ಚಿಕ್ಕಯ್ಯನಛತ್ರದವರು, ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಜವಾನರಾಗಿದ್ದವರು. ಯಾವ ಸಾಹೇಬರ ಮುಂದೆ ಎಷ್ಟು ಬಗ್ಗಬೇಕು, ಯಾರ ಮುಂದೆ ಕೈ ಎಲ್ಲಿರಬೇಕು ಎಂಬುದನ್ನು ಪೆಟ್ಟು ತಿಂದು ಕಲಿತ ಜೀವ. ಎರಡನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಗೌತಮಿಯ ಬೆನ್ನ ಮೇಲೆ ಬಾಸುಂಡೆ ಬರುವ ಹಾಗೆ ಬಾರಿಸಿ, ‘ಇವಳಿಗೆ ಪೊಗರು, ಮಾತಾಡಿಸಿದರೆ ಮುಖ ನೋಡಲ್ಲ, ಕೈ ಬಡಕೋತಾ ನಿಂತ್ಕೋತಾಳೆ’ ಎಂದು ಮನೆಗೆ ಅಟ್ಟಿದರು. ಅವತ್ತು ಸಂಜೆಯಿಂದಲೇ ಸಣ್ಣಯ್ಯ ಮಗಳನ್ನು ಜಗಲಿಯ ಮೇಲೆ ಅವಳವ್ವ ಕೆಂಪಾಜಮ್ಮನ ಎದುರಿಗೆ ಕೂರಿಸಿದರು.

‘ಅವ್ವನ್ ಕಣ್ಣ ನೋಡಕ್ಕಾಗ್ದಿದ್ರೆ ಬೊಟ್ಟ ನೋಡವ್ವ. ನೋಡೋರ್ಗೆ ಯತ್ಯಾಸ ಗೊತ್ತಾಗಕಿಲ್ಲ. ಕೈಯ್ಯ ಮಡ್ಲಲ್ಲಿ ಇಟ್ಕ. ನಾನು ನೂರು ಎಣಿಸೋಗಂಟ ಅಲ್ಗಾಡ್ಬ್ಯಾಡ.’

ನೂರಾದ ಮೇಲೆ ಒಂದು ಚೂರು ಬೆಲ್ಲ. ಕೆಂಪಾಜಮ್ಮ ಕಣ್ಣಲ್ಲಿ ನೀರು ತಂದುಕೊಂಡು, ‘ಮಗೀನ ಯಾಕಿಂಗೆ ಸಾಯಿಸೀರಿ’ ಅಂದರೆ ಸಣ್ಣಯ್ಯ, ‘ನಮ್ಮೋರು ನೆಟ್ಗಿದ್ರೇ ಒಂದೇಟು ಜಾಸ್ತಿ ಬೀಳ್ತದೆ. ಇನ್ನು ಇಂಗಿದ್ರೆ ಬುಟ್ಬುಟ್ಟಾರಾ?’ ಎನ್ನುತ್ತಿದ್ದರು. ಅವರ ಹೆದರಿಕೆ ಸುಳ್ಳಾಗಿರಲಿಲ್ಲ, ಅದೇ ಕಷ್ಟ.

ಗೌತಮಿ ಕಲಿತಳು. ಮೇಷ್ಟ್ರ ಹಣೆ ನೋಡಿಕೊಂಡೇ ಏಳನೇ ಕ್ಲಾಸು ಪಾಸಾದಳು, ಕಾಲೇಜು ಪಾಸಾದಳು, ಇಂಟರ್‌ವ್ಯೂ ಪಾಸಾದಳು. ಶಾಲೆಯಿಂದ ಬಂದು ರಾಗಿ ಮೂಟೆಗಳ ಸಂದಿಯಲ್ಲಿ ಒಂದು ಗಂಟೆ ಮುದುರಿಕೊಂಡು ಬಿದ್ದಿರುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದೊಡ್ಡವಳಾದ ಮೇಲೆ ರಾಗಿ ಮೂಟೆಯ ಜಾಗಕ್ಕೆ ಸೆಂಟರಿನ ಕೋಣೆ ಬಂತು, ಅಷ್ಟೆ. ಕೊನೆಯ ಮಗು ಹೋದ ಮೇಲೆ ಚಿಲಕ ಹಾಕಿ, ದುಪಟ್ಟಾ ತಲೆ ಮೇಲೆ ಎಳೆದುಕೊಂಡು, ಹತ್ತು ನಿಮಿಷ ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೈ ಬಡಿದುಕೊಳ್ಳುತ್ತಿದ್ದಳು. ಇಡೀ ದಿನ ಮಕ್ಕಳಿಗೆ ಯಾವುದನ್ನು ಮಾಡಬೇಡ ಎಂದು ಕಲಿಸಿದ್ದಳೋ ಅದನ್ನೇ! ಇದು ಕಳ್ಳತನವಲ್ಲದೆ ಇನ್ನೇನು ಎಂದು ಅವಳಿಗೇ ಅನಿಸುತ್ತಿತ್ತು. ಅನಿಸಿದ್ದನ್ನು ಮುಖ ತೊಳೆಯುವ ನೀರಿನ ಜೊತೆ ಹರಿಯಬಿಟ್ಟು ಬಸ್ಸು ಹತ್ತುತ್ತಿದ್ದಳು.

ಹೀಗಿರುವಾಗ ಶಿವಾನಿ ಬಂದಳು. ನರಸೀಪುರದಿಂದ ಎಂಟು ಮೈಲಿಯಾಚೆಯ ಹಳ್ಳಿಯ ಆರು ವರ್ಷದ ಹುಡುಗಿ. ಅಪ್ಪ ನಟರಾಜ್ ಗೂಡ್ಸ್ ಆಟೋ ಓಡಿಸುತ್ತಿದ್ದ, ಅಮ್ಮ ಇಂದ್ರಾಣಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು ಮಗಳಿಗಾಗಿ ಬಿಟ್ಟಿದ್ದಳು. ಶಿವಾನಿಗೆ ಇದ್ದದ್ದು ನಾಲ್ಕೇ ಮಾತು: ಅಮ್ಮ, ನೀರು, ಬಾ, ಬೇಡ. ಉಳಿದ ಹೊತ್ತೆಲ್ಲ ಮ್ಮ್ ಎಂದು ಗುನುಗಿಕೊಂಡು, ಸ್ಟೀಲ್ ಡಬ್ಬಿಯ ಮುಚ್ಚಳ ತಿರುಗಿಸಿ ಬೆಳಕು ನೋಡುತ್ತ, ಖುಷಿಯಾದರೆ ಎರಡೂ ಕೈ ಗಾಳಿಯಲ್ಲಿ ಬಡಿಯುತ್ತ ಇರುತ್ತಿದ್ದಳು. ಎರಡು ಶಾಲೆಯವರು ಬಾಗಿಲಿಂದಲೇ ವಾಪಸ್ ಕಳಿಸಿದ್ದರು.

‘ಒಂದು ಸ್ಕೂಲ್ಗೆ ಸೇರ್ಕಳಂಗ್ ಮಾಡ್ಕೊಡಿ ಮೇಡಂ. ಇನ್ನೇನೂ ಕೇಳಕಿಲ್ಲ ನಿಮ್ಮ’ ಎಂದಳು ಇಂದ್ರಾಣಿ.

ಗೌತಮಿ ಮಾಡಿಕೊಟ್ಟಳು. ಅಪ್ಪನ ಜಗಲಿಯ ಪಾಠವನ್ನು ಒಂದಕ್ಷರ ಬಿಡದೆ ಚಾಪೆಯ ಮೇಲೆ ಹಾಕಿದಳು. ಕೈ ಮಡಿಲಲ್ಲಿ, ಕಣ್ಣು ಬೊಟ್ಟಿನ ಮೇಲೆ. ಮಿಸ್ ‘ಆಯ್ತು’ ಅನ್ನುವ ತನಕ ಏಳುವ ಹಾಗಿಲ್ಲ. ಬೆಲ್ಲದ ಬದಲು ಅರ್ಧ ನಿಮಿಷ ಡಬ್ಬಿಯ ಮುಚ್ಚಳ. ಮೊದಮೊದಲು ಶಿವಾನಿ ‘ಬೇಡ’ ಎಂದು ಕೈ ಕೊಸರಿಕೊಳ್ಳುತ್ತಿದ್ದಳು. ಗೌತಮಿ ಗದರುವವಳಲ್ಲ, ಹೊಡೆಯುವ ಮಾತಂತೂ ದೂರ. ಸುಮ್ಮನೆ ಕಾಯುತ್ತಿದ್ದಳು. ಮತ್ತೆ ಅದನ್ನೇ ಹೇಳುತ್ತಿದ್ದಳು. ಬೇಡ ಅಂದರೂ ಅದೇ, ಅತ್ತರೂ ಅದೇ, ಮಾಡುವ ತನಕ ಅದೇ. ಎಂಟು ತಿಂಗಳಲ್ಲಿ ಗುನುಗುವುದು ನಿಂತಿತು, ಕೈ ನಿಂತಿತು, ಇಪ್ಪತ್ತು ನಿಮಿಷ ಅಲುಗದೆ ಕೂರುವುದು ಬಂತು. ಸೆಂಟರಿನ ಸೆಕ್ರೆಟರಿ ರಾಜೇಂದ್ರ ಸಾರ್ ವಿಡಿಯೋ ಮಾಡಿ ಪೇರೆಂಟ್ಸ್ ಗ್ರೂಪಿಗೆ ಹಾಕಿದರು. ಅದರ ಕೆಳಗೆ ಕೈಮುಗಿಯುವ ಚಿತ್ರಗಳ ಸಾಲೇ ಬಂತು. ಗೌತಮಿಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ?

ಮೇ ತಿಂಗಳ ಕೊನೆಯಲ್ಲಿ ಒಂದು ಖಾಸಗಿ ಶಾಲೆಯವರು ಮಗುವನ್ನು ಕರೆದುಕೊಂಡು ಬನ್ನಿ, ನೋಡೋಣ ಎಂದರು. ಇಂದ್ರಾಣಿ ಹಬ್ಬಕ್ಕೆ ಹೊರಟ ಹಾಗೆ ಮಗಳಿಗೆ ಹೊಸ ಫ್ರಾಕು, ಬಿಳಿ ಸಾಕ್ಸು ಹಾಕಿಸಿದ್ದಳು. ಧೈರ್ಯಕ್ಕೆ ಗೌತಮಿಯೂ ಜೊತೆಗೆ ಹೋದಳು. ಹೆಡ್ ಮಿಸ್ಸು ಅಂಗಳದ ಹೊಂಗೆ ಮರದ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಶಿವಾನಿಯನ್ನು ಎದುರಿನ ಕಟ್ಟೆಯ ಮೇಲೆ ಕೂರಿಸಿ ಅಮ್ಮನ ಹತ್ತಿರ ಅದೂ ಇದೂ ಕೇಳತೊಡಗಿದರು. ಎಷ್ಟನೇ ತಿಂಗಳಿಗೆ ನಡೆದಳು, ಮನೆಯಲ್ಲಿ ಯಾರ್ಯಾರಿದ್ದಾರೆ, ಇನ್ನೊಂದು ಮಗು ಯಾಕಿಲ್ಲ. ಆ ಕೊನೆಯ ಪ್ರಶ್ನೆ ಅವರಿಗೇಕೆ ಬೇಕಿತ್ತೋ ಆ ದೇವರಿಗೇ ಗೊತ್ತು. ಗೌತಮಿ ಪಕ್ಕದಲ್ಲೇ ನಿಂತು ಶಿವಾನಿಯ ಕೈಗಳನ್ನೇ ನೋಡುತ್ತಿದ್ದಳು. ಕೈ ಮಡಿಲಲ್ಲಿದ್ದವು. ಕಣ್ಣು ಹೆಡ್ ಮಿಸ್ಸಿನ ಬೊಟ್ಟಿನ ಮೇಲಿತ್ತು. ಐದು ನಿಮಿಷ, ಹತ್ತು ನಿಮಿಷ, ಹದಿನೈದು.

‘ನಮ್ಮ ಸ್ಕೂಲ್ ಮಕ್ಕಳೇ ಇಷ್ಟು ಸೈಲೆಂಟಾಗಿ ಕೂರಲ್ಲ ಕಣ್ರೀ. ಇವಳಿಗೇನಾಗಿದೆ? ಚಿನ್ನದಂಥ ಮಗು’ ಎಂದರು ಹೆಡ್ ಮಿಸ್ಸು. ಸೀಟು ಕೊಟ್ಟರು.

ಇಂದ್ರಾಣಿ ಸೆರಗಲ್ಲಿ ಕಣ್ಣು ಒರೆಸಿಕೊಂಡು ಮಗಳನ್ನು ಎತ್ತಿಕೊಂಡಳು. ಗೇಟಿನ ಹತ್ತಿರದ ನಲ್ಲಿಯಲ್ಲಿ ಕಾಲು ತೊಳೆಸೋಣ ಎಂದು ಸಾಕ್ಸು ಎಳೆದಳು. ಅದರೊಳಗಿನಿಂದ ಕೆಂಪಿರುವೆ ಉದುರಿದವು. ಒಂದಲ್ಲ ಎರಡಲ್ಲ, ಹಿಡಿಗಟ್ಟಲೆ. ಕಟ್ಟೆಯ ಸಂದಿಯಲ್ಲಿ ಅವುಗಳ ಗೂಡಿತ್ತು. ಮಗುವಿನ ಹಿಮ್ಮಡಿಯಿಂದ ಮಂಡಿಯವರೆಗೆ ದದ್ದು, ಕೆಲವು ಕಡೆ ರಕ್ತ. ತುಟಿಯ ಒಳಭಾಗ ಹಲ್ಲಿಗೆ ಸಿಕ್ಕಿ ಹರಿದಿತ್ತು.

ಶಿವಾನಿ ಅಮ್ಮನ ಕಡೆ ನೋಡಲಿಲ್ಲ. ಗೌತಮಿಯ ಹಣೆಯನ್ನು ನೋಡುತ್ತ ಕೇಳಿದಳು:

‘ಆಯ್ತಾ ಮಿಸ್?’

ಗೌತಮಿ ಆಯ್ತು ಎಂದಳು. ಆಮೇಲೆ, ಅಂದಮೇಲೆಯೇ, ಮಗು ಅತ್ತಿತು. ಅಯ್ಯೋ, ಅದನ್ನು ಅಳು ಅನ್ನುವುದಕ್ಕಾಗುವುದಿಲ್ಲ. ಇಪ್ಪತ್ತು ನಿಮಿಷದ ಉರಿ ಒಟ್ಟಿಗೆ ಹೊರಗೆ ಬಂದಿತ್ತು. ಶಾಲೆಯ ಆಯಾ ಓಡಿಬಂದು ಸುಣ್ಣ ಹಚ್ಚಿದಳು.

ಆ ದಿನ ಗೌತಮಿ ಬಸ್ಸಿನಲ್ಲಿ ಕೂತು ನಂಜನಗೂಡಿನ ತನಕ ಒಂದೇ ಲೆಕ್ಕ ಹಾಕಿದಳು: ಶಿವಾನಿ ಕೊನೆಯ ಸಲ ಬೇಡ ಎಂದದ್ದು ಯಾವಾಗ? ಮಾರನೇ ದಿನ ಫೈಲು ತೆಗೆದು ನೋಡಿದಳು. ನವೆಂಬರಿನಲ್ಲಿ. ಅದರ ಮುಂದೆ ತನ್ನದೇ ದುಂಡನೆಯ ಅಕ್ಷರದಲ್ಲಿ, ‘ಹಟ ಕಡಿಮೆಯಾಗಿದೆ, ಉತ್ತಮ ಪ್ರಗತಿ’ ಎಂದು ಬರೆದಿತ್ತು. ಕಚ್ಚುವ ಇರುವೆಯನ್ನೂ ಬೇಡ ಎನ್ನಲಾಗದ ಮಗುವಿಗೆ ನಾಳೆ ಇನ್ನೇನು ಕಚ್ಚಬಹುದು, ಯಾರು ಮುಟ್ಟಬಹುದು, ಆಗಲೂ ಅದು ಮಡಿಲಲ್ಲಿ ಕೈಯಿಟ್ಟುಕೊಂಡು ಹಣೆ ನೋಡುತ್ತ ಕೂತಿರುತ್ತದೆಯೇ ಎಂದು ನೆನೆದು ಅವಳು ಆ ಸಾಲಿನ ಮೇಲೆ ಗೀಟೆಳೆದಳು. ಗೊತ್ತಿಲ್ಲದವರು ಮಾಡಿದ್ದರೆ ಅಜ್ಞಾನ ಅನ್ನಬಹುದಿತ್ತು. ಇವಳ ಮೈಗೇ ಗೊತ್ತಿತ್ತು.

ಶುಕ್ರವಾರ ಇಂದ್ರಾಣಿ ಮೈಸೂರು ಪಾಕಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮಗಳನ್ನು ನಟರಾಜನ ಹತ್ತಿರ ಬಿಟ್ಟು ಬಂದಿದ್ದಳು.

‘ನೀವಿಲ್ದಿದ್ರೆ ಸೀಟ್ ಸಿಕ್ತಿತ್ತಾ ಮೇಡಂ? ಇರ್ವೆ ಕಚ್ಚಿದ್ಕೆ ನೀವೇನ್ ಮಾಡೀರಿ. ಬುಡಿ, ವಾಸಿ ಆಯ್ತದೆ. ತಕಳಿ, ಬಾಯಿ ಸಿಹಿ ಮಾಡ್ಕಳಿ.’

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೌತಮಿ ಡಬ್ಬಿ ಮುಟ್ಟಲಿಲ್ಲ. ಕೂತಲ್ಲೇ, ನೆಲ ನೋಡಿಕೊಂಡು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಮೊದಲಿಂದಲೂ ಬಾರದು.

‘ಇರುವೆ ಕಚ್ಚಿದಾಗ ಎದ್ದೇಳಬಾರದು ಅಂತ ಕಲಿಸಿದ್ದು ನಾನು ಇಂದ್ರಾಣಿ ಅವರೇ. ಅವಳು ಬೇಡ ಅಂದಾಗೆಲ್ಲ ನಾನು ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಆ ಮಾತನ್ನೇ ಬಿಟ್ಟುಬಿಟ್ಟಳು. ನನಗೂ ಅವಳ ಥರಾನೇ. ಆಟಿಸಂ. ನನಗೂ ಚಿಕ್ಕಂದಿನಲ್ಲಿ ಹೀಗೇ ಕಲಿಸಿದ್ದರು.’

ಇಂದ್ರಾಣಿ ಕಣ್ಣು ಕಿರಿದು ಮಾಡಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ‘ನಿಮ್ಗಾ? ತಮಾಸೆ ಮಾಡ್ಬ್ಯಾಡಿ.’

‘ಡಾಕ್ಟರ್ ಬರೆದುಕೊಟ್ಟಿದ್ದಾರೆ.’

‘ಅಂಗ್ ಕೂತ್ಕಂಡ್ರೆ ಒಳ್ಗೆ ಏನಾಯ್ತದೆ ಅಂತ ನಿಮ್ಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಗೊತ್ತಿದ್ದೂ ನನ್ ಮಗೀಗ್ ಕಲಿಸಿದ್ರಾ?’

ನನ್ನ ಹಾಗೆ ಅವಳೂ ಪಾಸಾಗಲಿ ಅಂತ, ಎಂದಳು ಗೌತಮಿ. ಅಷ್ಟು ಹೇಳುವಾಗ ಆ ಮಾತು ಎಷ್ಟು ಬಡವಾಗಿದೆ ಎಂದು ಅವಳಿಗೇ ನಾಚಿಕೆಯಾಯಿತು. ಇಂದ್ರಾಣಿ ಎದ್ದಳು. ‘ನಾನಾದ್ರೆ ಏನೂ ಓದ್ದೆ ಇರೋಳು, ನೀವು...’ ಎಂದವಳು ಡಬ್ಬಿಯನ್ನು ಅಲ್ಲೇ ಬಿಟ್ಟು ದಡದಡ ಇಳಿದುಹೋದಳು.

ರಾಜೇಂದ್ರ ಸಾರಿಗೆ ವಿಷಯ ತಿಳಿದು, ‘ಇದನ್ನೆಲ್ಲ ಪೇರೆಂಟ್ಸ್ ಹತ್ರ ಯಾಕ್ರೀ ಹೇಳೋಕೆ ಹೋದ್ರಿ? ರಿಸಲ್ಟ್ ಬರ್ತಿದೆಯಲ್ಲ’ ಎಂದರು. ರಿಸಲ್ಟ್! ಆ ಪುಣ್ಯಾತ್ಮನ ಕಾಲಿಗೆ ಅರ್ಧ ಡಜನ್ ಇರುವೆ ಬಿಡಬೇಕಿತ್ತು. ಗೌತಮಿ, ‘ಆ ವಿಡಿಯೋ ತೆಗೆಯಿರಿ ಸಾರ್, ಇನ್ನು ನಾನು ಹಾಗೆ ಕಲಿಸಲ್ಲ. ಬೇಡ ಅಂದರೆ ಕೆಲಸ ಬಿಡ್ತೀನಿ’ ಎಂದಳು. ನರಸೀಪುರದ ಬಸ್ಸಿಗೆ ಇನ್ನೊಬ್ಬರು ಸಿಗುವುದಿಲ್ಲವೆಂದು ಗೊತ್ತಿದ್ದ ಅವರು ವಿಡಿಯೋ ತೆಗೆದರು.

ಭಾನುವಾರ ಊರಿಗೆ ಹೋದಳು. ಕಾಗದವನ್ನು ಅಪ್ಪನ ಮುಂದಿಟ್ಟಳು. ಸಣ್ಣಯ್ಯ ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಶಿವಾನಿಯ ಕಾಲಿನ ವಿಷಯವನ್ನೂ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟರು.

‘ನಿಂಗೂ ಅಂಗೇ ಉರೀತಿತ್ತಾ ಮಗಾ?’

‘ಹೂಂ ಅಪ್ಪ.’

‘ಒಂದಿನಾನೂ ಏಳ್ನಿಲ್ವಲ್ಲವ್ವ.’

‘ಹೇಳಬಾರದು ಅಂತ ತಾನೆ ಅಪ್ಪ ಕಲಿಸಿದ್ದು.’

ಮುದುಕರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವರನ್ನು ಬಿಟ್ಟು ಹೋಗಲೂ ಆಗದೆ, ಮೈಮುಟ್ಟಿ ಸಮಾಧಾನ ಮಾಡಲೂ ಬಾರದೆ ಗೌತಮಿ ಅವರ ಪಕ್ಕದಲ್ಲೇ ಕೂತಿದ್ದಳು. ಅಪ್ಪನದು ತಪ್ಪೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಮೇಷ್ಟ್ರ ಕೋಲು ಅವಳಿಗಿನ್ನೂ ನೆನಪಿತ್ತು. ಅಪ್ಪನ ಹತ್ತಿರ ಒಂದು ಕಾರಣವಾದರೂ ಇತ್ತು, ನನ್ನ ಹತ್ತಿರ ಏನಿತ್ತು ಎಂದುಕೊಂಡಳು. ಕೆಂಪಾಜಮ್ಮ ಒಳಗಿಂದ ಟೀ ತಂದಿಟ್ಟು ಹೋದಳು.

ಮೂರು ವಾರ ಇಂದ್ರಾಣಿಯ ಸುಳಿವಿಲ್ಲ. ಗೌತಮಿ ಫೋನು ಮಾಡಲಿಲ್ಲ, ಮಾಡುವ ಮುಖವಿರಲಿಲ್ಲ. ನಾಲ್ಕನೇ ಮಂಗಳವಾರ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯೂನಿಫಾರಂ ಹಾಕಿದ್ದ ಶಿವಾನಿಯ ಕೈ ಹಿಡಿದು ಇಂದ್ರಾಣಿ ಬಾಗಿಲಲ್ಲಿ ನಿಂತಿದ್ದಳು.

‘ಸ್ಕೂಲಲ್ಲಿ ಯಾವ್ದೋ ಮಗ ಇವ್ಳ ಊಟ ದಿನಾ ಕಿತ್ಕಂಡ್ ತಿನ್ತಿದ್ನಂತೆ. ಇವ್ಳು ಕೊಟ್ಬುಟ್ಟು ಕೂತಿರ್ತಿದ್ಲಂತೆ. ನೀವೇ ಕಲಿಸಿದ್ದು, ನೀವೇ ಬುಡ್ಸಿ’ ಎಂದಳು. ಕೂರಲಿಲ್ಲ, ನಗಲಿಲ್ಲ.

ಕಲಿಸುವುದಕ್ಕೆ ಎಂಟು ತಿಂಗಳು ಹಿಡಿದದ್ದನ್ನು ಬಿಡಿಸುವುದು ಸುಲಭವೇ? ಶಿವಾನಿಗೆ ಅಂಟು ಕಂಡರೆ ಆಗದು. ಗೌತಮಿ ಒದ್ದೆ ಬೆಲ್ಲ ಹಿಡಿದು, ‘ಬೇಕಾ, ಬೇಡವಾ?’ ಎಂದರೆ ಮಗು ಮೈ ಬಿಗಿ ಮಾಡಿಕೊಂಡು ಅಂಗೈ ಚಾಚುತ್ತಿತ್ತು. ಆ ಚಾಚಿದ ಕೈ ನೋಡಿ ಗೌತಮಿ ಬೆಲ್ಲವನ್ನು ಕಿಟಕಿಯಾಚೆ ಎಸೆದು, ಇನ್ನು ಯಾವತ್ತೂ ಹೀಗೆ ಪರೀಕ್ಷೆ ಮಾಡುವುದಿಲ್ಲ ಎಂದು ತನಗೆ ತಾನೇ ಬೈದುಕೊಂಡಳು. ದಾರಿ ಬದಲಿಸಿದಳು. ತಾನೇ ಮಗುವಿನ ಜಾಗದಲ್ಲಿ ಕೂತಳು, ಇಂದ್ರಾಣಿಯ ಕೈಯಲ್ಲಿ ಏನೇನೋ ಕೊಡಿಸಿಕೊಂಡಳು. ಬಾಚಣಿಗೆ, ಬಿಸಿ ಟೀ, ಗಲಗಲ ಸದ್ದಿನ ಆಟಿಕೆ. ಒಂದೊಂದಕ್ಕೂ ‘ಬೇಡ’ ಎನ್ನಬೇಕು, ಇಂದ್ರಾಣಿ ತಕ್ಷಣ ತೆಗೆದುಬಿಡಬೇಕು. ಮೊದಲ ದಿನ ಗೌತಮಿಗೇ ಆ ಎರಡಕ್ಷರ ಗಂಟಲಲ್ಲಿ ಸಿಕ್ಕಿಕೊಂಡವು. ಮೂವತ್ತಮೂರು ವರ್ಷದ ಹೆಂಗಸು, ಒಂದು ಬಾಚಣಿಗೆ ಬೇಡ ಎನ್ನಲು ಬೆವರಿದಳು. ಇಂದ್ರಾಣಿಗೆ ಅದು ಕಾಣಿಸಿತು. ಅವತ್ತು ಅವಳು ಮೊದಲ ಸಲ ಕೂತು ನೀರು ಕೇಳಿ ಕುಡಿದಳು.

ಗೌತಮಿ ಕೋಣೆಯ ಚಿಲಕ ಹಾಕುವುದನ್ನು ಬಿಟ್ಟಳು. ಕೈ ಬಡಿದುಕೊಳ್ಳಬೇಕೆನಿಸಿದರೆ ಮಕ್ಕಳ ಎದುರೇ ಬಡಿದುಕೊಂಡಳು. ಒಬ್ಬಿಬ್ಬರು ತಾಯಂದಿರು ಮೂಗು ಮುರಿದು ಮೈಸೂರಿನ ಸೆಂಟರು ಹುಡುಕಿಕೊಂಡರು. ಶಿವಾನಿ ಮತ್ತೆ ಸಣ್ಣಗೆ ಗುನುಗತೊಡಗಿದಳು. ಆದರೆ ಬೇಡ ಮಾತ್ರ ಬರಲಿಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಆ ಒಂದು ಮಾತನ್ನು ನಾನೇ ಕೊಂದುಹಾಕಿದೆ, ಇನ್ನು ಅದು ಹುಟ್ಟುವುದಿಲ್ಲ ಎಂದು ಗೌತಮಿ ರಾತ್ರಿ ಊಟ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು.

ಸೆಪ್ಟೆಂಬರಿನ ಒಂದು ಮಂಗಳವಾರ ಗೌತಮಿ ಎಂದಿನಂತೆ ಕೆಳಗಿಳಿದು ಬಂದು, ಮಗುವನ್ನು ಮೇಲೆ ಕರೆದುಕೊಂಡು ಹೋಗಲು ಕೈ ಚಾಚಿದಳು. ಶಿವಾನಿ ಮೊದಲನೇ ಮೆಟ್ಟಿಲ ಹತ್ತಿರವೇ ಕಂಬಿ ಹಿಡಿದು ನಿಂತಳು. ಕೈ ಕೊಡಲಿಲ್ಲ.

‘ಬೇಡ.’

ಇಂದ್ರಾಣಿ ಬ್ಯಾಗನ್ನು ಕೆಳಗೆ ಹಾಕಿ ಕುಕ್ಕರಗಾಲಲ್ಲಿ ಕೂತಳು. ‘ಏನ್ ಬ್ಯಾಡ ಪುಟ್ಟೀ? ನೀರ್ ಬ್ಯಾಡ್ವಾ? ಬ್ಯಾಗ್ ಬ್ಯಾಡ್ವಾ?’

ಮಗು ಗೌತಮಿಯತ್ತ ಬೆರಳು ಮಾಡಿತು.

‘ಮಿಸ್ ಬೇಡ.’

ಗೊಬ್ಬರದಂಗಡಿಯ ಗಿರಾಕಿಗಳು ತಿರುಗಿ ನೋಡಿದರು. ಇಂದ್ರಾಣಿಯ ಮುಖ ಕೆಂಪಾಯಿತು. ‘ಏಯ್, ಅಂಗೆಲ್ಲ ಅನ್ಬಾರ್ದು. ಮಿಸ್ಸಿಗೆ ಸಾರಿ ಕೇಳು. ಬಾ, ಮ್ಯಾಕ್ ಓಗನ’ ಎಂದು ರಟ್ಟೆ ಹಿಡಿದಳು.

‘ಎಳೀಬೇಡಿ’ ಎಂದಳು ಗೌತಮಿ. ‘ಅವಳು ಹೇಳಿದ್ದು ನಿಮಗೂ ಕೇಳಿಸ್ತಲ್ಲ. ಮನೆಗೆ ಕರಕೊಂಡು ಹೋಗಿ.’

‘ಅಷ್ಟ್ ದೂರದಿಂದ ಬಂದಿವ್ನಿ ಮೇಡಂ!’

‘ಗೊತ್ತು. ಈಗ ಮೇಲೆ ಕರಕೊಂಡು ಹೋದರೆ ಇನ್ನು ಜನ್ಮದಲ್ಲಿ ಅವಳು ಆ ಮಾತು ಆಡಲ್ಲ.’

ಇಂದ್ರಾಣಿ ಕೈ ಬಿಟ್ಟಳು. ಒಂದು ಗಳಿಗೆ ಮಗಳನ್ನೂ, ಒಂದು ಗಳಿಗೆ ಗೌತಮಿಯನ್ನೂ ನೋಡಿದಳು. ‘ಶುಕ್ರವಾರ?’

‘ಅವಳನ್ನ ಕೇಳಿ.’

ಇಂದ್ರಾಣಿ ಕೇಳಿದಳು. ಶಿವಾನಿ ಯೋಚಿಸಲೂ ಇಲ್ಲ. ‘ಬೇಡ’ ಎಂದವಳೇ ಅಮ್ಮನಿಗೂ ಕಾಯದೆ ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಇಂದ್ರಾಣಿ ಬ್ಯಾಗೆತ್ತಿಕೊಂಡು ಹಿಂದೆಯೇ ಓಡಿದಳು.

ಗೌತಮಿ ಮೆಟ್ಟಿಲ ಮೇಲೆ ನಿಂತಿದ್ದಳು. ಸಂತೋಷಕ್ಕೆ ಕೂಗಬೇಕು ಅನಿಸಿತು. ಬೇಡವೆನ್ನಲು ಈ ಲೋಕದಲ್ಲಿ ಮಗು ಮೊದಲು ಆರಿಸಿಕೊಂಡದ್ದು ತನ್ನನ್ನೇ, ಅದು ಸರಿಯಾಗಿಯೇ ಆರಿಸಿತು ಎಂದುಕೊಂಡಳು. ಒಮ್ಮೆ ಹೆಸರು ಹಿಡಿದು ಕರೆದರೆ ಶಿವಾನಿ ನಿಲ್ಲುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಹಾಗೆ ನಿಲ್ಲಲು ಕಲಿಸಿದವಳೂ ಅವಳೇ. ಅವಳು ಕರೆಯಲಿಲ್ಲ.